ಪ್ರೊಪೋಫೋಲ್: ಲೆಕ್ಕಕ್ಕೆ ಸಿಗದ ಅರಿವಳಿಕೆ

2025ರ ಅಕ್ಟೋಬರ್‌ನಲ್ಲಿ ಬೆಂಗಳೂರು ಪೊಲೀಸರು ಸಾವಿನ ಪ್ರಕರಣವೊಂದರಲ್ಲಿ ವೈದ್ಯರೊಬ್ಬರನ್ನು ಬಂಧಿಸಿದಾಗ, ಅಲ್ಲಿಯವರೆಗೆ ಶಸ್ತ್ರಚಿಕಿತ್ಸಾ ಕೊಠಡಿಯೊಳಗಷ್ಟೇ ಕೇಳಿಬರುತ್ತಿದ್ದ ಪ್ರೊಪೋಫೋಲ್ ಎಂಬ ಹೆಸರು ರಾಜ್ಯದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮೃತರ ಅಂಗಾಂಶಗಳಲ್ಲಿ ಈ ಅರಿವಳಿಕೆ ಔಷಧದ ಅಂಶವಿತ್ತೆಂಬ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ತನಿಖೆಯ ದಿಕ್ಕನ್ನೇ ಬದಲಿಸಿತ್ತು. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯವೇ ನಿರ್ಣಯಿಸಬೇಕು. ಆದರೆ ಪ್ರಕರಣ ಎತ್ತಿರುವ ಇನ್ನೊಂದು ಪ್ರಶ್ನೆ ತೀರ್ಪಿಗಾಗಿ ಕಾಯಬೇಕಾದದ್ದಲ್ಲ. ನಿಮಿಷಗಳೊಳಗೆ ಮನುಷ್ಯನ ಉಸಿರನ್ನೇ ನಿಲ್ಲಿಸಬಲ್ಲ ಔಷಧದ ಸೀಸೆಯೊಂದು ಆಸ್ಪತ್ರೆಯಿಂದ ಹೊರಬಿದ್ದರೆ, ಅದರ ಲೆಕ್ಕ ಯಾರ ಬಳಿ ಇರುತ್ತದೆ?

ಪ್ರೊಪೋಫೋಲ್ ಅರಿವಳಿಕೆ ಶಾಸ್ತ್ರಕ್ಕೆ ದೊರೆತ ದೊಡ್ಡ ವರಗಳಲ್ಲೊಂದು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿದ್ದ ಪಶುವೈದ್ಯ ಜಾನ್ ಗ್ಲೆನ್ ಇದನ್ನು ರೂಪಿಸಿದರು. 1986ರಲ್ಲಿ ಮಾರುಕಟ್ಟೆಗೆ ಬಂದ ಈ ಔಷಧಕ್ಕಾಗಿ 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಸಂದಿತು. ನೀರಿನಲ್ಲಿ ಕರಗದ ಈ ವಸ್ತುವನ್ನು ಸೋಯಾ ಎಣ್ಣೆ ಹಾಗೂ ಮೊಟ್ಟೆಯ ಲೆಸಿಥಿನ್‌ನೊಂದಿಗೆ ಬೆರೆಸಿ ಕೊಡುವುದರಿಂದ ಅದು ಹಾಲಿನಂತೆ ಬಿಳಿಯಾಗಿರುತ್ತದೆ. ರಕ್ತನಾಳಕ್ಕೆ ಸೇರಿದ ಅರ್ಧ ನಿಮಿಷದ ಆಸುಪಾಸಿನಲ್ಲಿ, ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ 'ಗಾಬಾ' ಎಂಬ ರಾಸಾಯನಿಕದ ಪ್ರಭಾವವನ್ನು ಹಿಗ್ಗಿಸಿ ನಿದ್ರೆಗೆ ದೂಡುತ್ತದೆ. ಹಾಗೆಯೇ ಮಿದುಳಿನಿಂದ ದೇಹದ ಇತರ ಭಾಗಗಳಿಗೆ ಬೇಗನೆ ಹಂಚಿಹೋಗುವುದರಿಂದ ರೋಗಿ ಕೆಲವೇ ನಿಮಿಷಗಳಲ್ಲಿ ಎಚ್ಚರಗೊಳ್ಳುತ್ತಾನೆ.

ಇದರ ಇನ್ನೊಂದು ಗುಣವನ್ನು ಅರಿಯಲು ಹಿಂದಿನ ಪೀಳಿಗೆಯನ್ನು ಕೇಳಬೇಕು. ಈಥರ್ ಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಗಾಯದ ನೋವಿಗಿಂತ ವಾಂತಿಯ ನೆನಪೇ ಹೆಚ್ಚು. ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳೂ ಮಾರ್ಫಿನ್ ಬಗೆಯ ನೋವು ನಿವಾರಕಗಳೂ ಇಂದಿಗೂ ವಾಕರಿಕೆ ತರುತ್ತವೆ. ಮಹಿಳೆಯರು ಮತ್ತು ಘಾಟಿ ರಸ್ತೆಯ ಬಸ್ಸಿನಲ್ಲಿ ಹೊಟ್ಟೆ ತೊಳಸುವವರು ಇದಕ್ಕೆ ಹೆಚ್ಚು ಈಡಾಗುತ್ತಾರೆ. ವಿಚಿತ್ರವೆಂದರೆ, ಧೂಮಪಾನಿಗಳಿಗೆ ಈ ಕಾಟ ಕಡಿಮೆ; ತಂಬಾಕಿನ ಪರವಾಗಿ ವೈದ್ಯಶಾಸ್ತ್ರ ಹೇಳಬಹುದಾದ ಒಳ್ಳೆಯ ಮಾತು ಬಹುಶಃ ಇದೊಂದೇ. 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಒಂಡಾನ್‌ಸೆಟ್ರಾನ್, ಸೆರೊಟೋನಿನ್‌ನ ಒಂದು ಬಗೆಯ ಗ್ರಾಹಕಗಳನ್ನು ತಡೆದು ವಾಂತಿಯನ್ನು ನಿಯಂತ್ರಿಸಿತು. ಪ್ರೊಪೋಫೋಲ್‌ಗಾದರೋ ವಾಕರಿಕೆ ತಗ್ಗಿಸುವ ಗುಣ ಸ್ವಭಾವಸಿದ್ಧ. ಬೆಳಿಗ್ಗೆ ಶಸ್ತ್ರಚಿಕಿತ್ಸೆ ಮುಗಿಸಿ ಸಂಜೆ ಮನೆಗೆ ಮರಳುವ ಈಗಿನ ವ್ಯವಸ್ಥೆ ಇವೆರಡಕ್ಕೂ ಋಣಿಯಾಗಿದೆ.

ಅಪಾಯವಿರುವುದು ಔಷಧದ ಪ್ರಮಾಣದ ಸೂಕ್ಷ್ಮತೆಯಲ್ಲಿ. ಮಂಪರಿಗೂ ಉಸಿರಾಟ ನಿಲುಗಡೆಗೂ ನಡುವಿನ ಅಂತರ ಬಹಳ ಕಿರಿದು, ರಕ್ತದೊತ್ತಡವೂ ಕುಸಿಯುತ್ತದೆ. ಮಿಡಜೋಲಮ್ ಅತಿಯಾದರೆ ಫ್ಲೂಮಾಜೆನಿಲ್, ಮಾರ್ಫಿನ್ ಅತಿಯಾದರೆ ನಲೋಕ್ಸೋನ್ ಎಂಬ ಪ್ರತಿಮದ್ದುಗಳಿವೆ. ಪ್ರೊಪೋಫೋಲ್‌ಗೆ ಅಂಥ ಪ್ರತಿಮದ್ದೇ ಇಲ್ಲ. ಆಮ್ಲಜನಕ, ಉಸಿರು ನೀಡುವ ಸಲಕರಣೆ ಮತ್ತು ಅದನ್ನು ಬಳಸಬಲ್ಲ ಕೈ, ಇಷ್ಟೇ ರಕ್ಷಣೆ. 2009ರ ಜೂನ್ 25ರಂದು ಗಾಯಕ ಮೈಕಲ್ ಜಾಕ್ಸನ್ ತಮ್ಮ ಮನೆಯ ಮಲಗುವ ಕೋಣೆಯಲ್ಲಿ ಈ ರಕ್ಷಣೆಯಿಲ್ಲದೆಯೇ ಸತ್ತರು. ನಿದ್ರೆಗಾಗಿ ಪ್ರೊಪೋಫೋಲ್ ಕೊಡುತ್ತಿದ್ದ ವೈದ್ಯ ಕಾನ್ರಾಡ್ ಮರ್ರೆ 2011ರಲ್ಲಿ ಅಪರಾಧಿಯೆಂದು ಸಾಬೀತಾಗಿ ನಾಲ್ಕು ವರ್ಷಗಳ ಶಿಕ್ಷೆಗೆ ಗುರಿಯಾದರು.

ಭಾರತದ ಕಾನೂನು ಇಲ್ಲಿ ವಿಚಿತ್ರವಾಗಿ ವರ್ತಿಸುತ್ತದೆ. ನಿದ್ರೆಗೆಂದು ನುಂಗುವ ಅಲ್ಪ್ರಜೋಲಮ್ ಮಾತ್ರೆ ಎನ್‌ಡಿಪಿಎಸ್ ಕಾಯಿದೆಯ ಪಟ್ಟಿಯಲ್ಲಿದೆ. ಇನ್ನೊಂದು ಅರಿವಳಿಕೆಯಾದ ಕೆಟಮಿನ್ 2011ರಲ್ಲಿ ಅದೇ ಪಟ್ಟಿಗೆ ಸೇರಿತು. 2013ರಲ್ಲಿ ಔಷಧ ನಿಯಮಗಳ 'ಷೆಡ್ಯೂಲ್ ಎಕ್ಸ್'ಗೂ ಸೇರಿ, ವಿಶೇಷ ಪರವಾನಗಿ ಹಾಗೂ ಎರಡು ವರ್ಷ ಕಾಪಾಡಬೇಕಾದ ಮಾರಾಟ ದಾಖಲೆ ಕಡ್ಡಾಯವಾದವು. ಪ್ರೊಪೋಫೋಲ್ ಮಾತ್ರ ವೈದ್ಯರ ಚೀಟಿಯ ಮೇಲೆ ಮಾರಬಹುದಾದ ಸಾಮಾನ್ಯ ಔಷಧಗಳ ಸಾಲಿನಲ್ಲಿ ಉಳಿದುಕೊಂಡಿದೆ. ಸಾಮಾನ್ಯವಾಗಿ ಉಸಿರಾಟವನ್ನೂ ರಕ್ತದೊತ್ತಡವನ್ನೂ ಕಾಯ್ದುಕೊಳ್ಳುವ ಕೆಟಮಿನ್‌ಗೆ ಬೀಗ, ಎರಡನ್ನೂ ಕುಗ್ಗಿಸುವ ಪ್ರೊಪೋಫೋಲ್‌ಗೆ ತೆರೆದ ಕಪಾಟು. ನಿಷೇಧದ ಅಳತೆಗೋಲು ಅಮಲಿನದೇ ಹೊರತು ಅಪಾಯದ್ದಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಹಾಗೆಂದು ಪ್ರೊಪೋಫೋಲನ್ನೂ ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿದರೆ ಸಮಸ್ಯೆ ಬಗೆಹರಿಯುವುದೇ? 1985ರಲ್ಲಿ ಆ ಕಾಯಿದೆ ಬಂದ ನಂತರ ಮಾರ್ಫಿನ್ ಹೊಂದಲು ಬೇಕಾದ ಪರವಾನಗಿಗಳ ಜಂಜಾಟಕ್ಕೆ ಹೆದರಿ ಆಸ್ಪತ್ರೆಗಳು ಅದರ ದಾಸ್ತಾನನ್ನೇ ಕೈಬಿಟ್ಟವು. ಅಸಂಖ್ಯ ಕ್ಯಾನ್ಸರ್ ರೋಗಿಗಳು ನೋವಿನಲ್ಲೇ ಪ್ರಾಣಬಿಟ್ಟರು. ಕಾಯಿದೆಗೆ ತಿದ್ದುಪಡಿ ಬರಲು 2014 ಆಗಬೇಕಾಯಿತು. ಕೆಟಮಿನ್‌ ಮೇಲೆ ಜಾಗತಿಕ ನಿಯಂತ್ರಣ ಬೇಕೆಂದು ಚೀನಾ ವಿಶ್ವಸಂಸ್ಥೆಯ ಮುಂದೆ ಪಟ್ಟುಹಿಡಿದಾಗ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವಿರೋಧಿಸಿದ್ದೂ ಇದೇ ಭಯದಿಂದ. ಬಡ ದೇಶಗಳ ಗ್ರಾಮೀಣ ಆಸ್ಪತ್ರೆಗಳಲ್ಲಿ ಅದಿಲ್ಲದೆ ಶಸ್ತ್ರಚಿಕಿತ್ಸೆಯೇ ನಡೆಯದು ಎಂಬುದು ಅವರ ವಾದ. ಪೂರೈಕೆ ಎಷ್ಟು ನಾಜೂಕು ಎಂಬುದನ್ನು ಅಮೆರಿಕವೂ ಕಂಡಿದೆ. ಮಿಸ್ಸೌರಿ ರಾಜ್ಯ 2013ರಲ್ಲಿ ಮರಣದಂಡನೆಗೆ ಪ್ರೊಪೋಫೋಲ್ ಬಳಸಲು ಹೊರಟಾಗ, ಯೂರೋಪ್ ರಫ್ತು ನಿರ್ಬಂಧಿಸುವ ಸಾಧ್ಯತೆ ಎದುರಾಗಿ ವೈದ್ಯರು ಬೆಚ್ಚಿದರು. ಗವರ್ನರ್ ಆ ಯೋಜನೆಯನ್ನು ಕೈಬಿಡಬೇಕಾಯಿತು.

ಅನುಕರಣೆಗೆ ಯೋಗ್ಯವಾದ ಮಾದರಿ ದಕ್ಷಿಣ ಕೊರಿಯಾದ್ದು. 2011ರಲ್ಲಿ ಪ್ರೊಪೋಫೋಲನ್ನು ನಿಯಂತ್ರಿತ ವಸ್ತುವೆಂದು ಘೋಷಿಸಿದ ಮೊದಲ ದೇಶ ಅದು. ದುರ್ಬಳಕೆ ನಿಲ್ಲಲಿಲ್ಲ, ಸಿನಿಮಾ ನಟರ ಹೆಸರುಗಳು ಆಗಾಗ ನ್ಯಾಯಾಲಯದಲ್ಲಿ ಕೇಳಿಬಂದವು. ಆಗ ಆ ದೇಶ ಶಿಕ್ಷೆಯನ್ನಷ್ಟೇ ನೆಚ್ಚದೆ 2018ರಿಂದ ನಿಯಂತ್ರಿತ ಔಷಧಗಳ ಖರೀದಿ, ಬಳಕೆ, ವಿಲೇವಾರಿಗಳನ್ನು ಆಸ್ಪತ್ರೆಗಳು ಸರ್ಕಾರದ ಗಣಕಜಾಲಕ್ಕೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು.

ಲೆಕ್ಕ ತಪ್ಪುವ ಜಾಗ ಯಾವುದು ಎಂಬುದು ಅರಿವಳಿಕೆ ವೈದ್ಯರಿಗೆಲ್ಲ ತಿಳಿದಿರುವಂಥದ್ದೇ. ಎಣ್ಣೆ ಬೆರೆತ ಈ ದ್ರಾವಣದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದರಿಂದ, ತೆರೆದ ಸೀಸೆಯನ್ನು ಇನ್ನೊಬ್ಬ ರೋಗಿಗೆ ಉಳಿಸಿಕೊಳ್ಳುವಂತಿಲ್ಲ; ಉಳಿದದ್ದನ್ನು ಚೆಲ್ಲಬೇಕು. 20 ಮಿಲಿಲೀಟರಿನ ಸೀಸೆಯಲ್ಲಿ 200 ಮಿಲಿಗ್ರಾಂ ಇದ್ದು, ರೋಗಿಗೆ 120 ಸಾಕಾದರೆ ಮಿಕ್ಕ 80 ಚೆಲ್ಲಿದ್ದಕ್ಕೆ ಸಾಕ್ಷಿ ಯಾರು? ಎರಡನೆಯವರ ಸಹಿಯಿಲ್ಲದಿದ್ದರೆ ಆ 80 ಮಿಲಿಗ್ರಾಂ ಕಾಗದದ ಮೇಲೆ ಎಲ್ಲೂ ಇಲ್ಲ.

ಷೆಡ್ಯೂಲ್ ಬದಲಿಸುವ ಅಧಿಕಾರ ಕೇಂದ್ರದ್ದೇ ನಿಜ. ಆದರೆ ರಾಜ್ಯ ಕೈಕಟ್ಟಿ ಕೂರಬೇಕಾಗಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರಿಂದಲೂ ಇದೆ. ನೋಂದಣಿಯಿಲ್ಲದೆ ಖಾಸಗಿ ಆಸ್ಪತ್ರೆ ನಡೆಯುವಂತಿಲ್ಲ. ಅರಿವಳಿಕೆ ಔಷಧದ ಪ್ರತಿ ಸೀಸೆಯೂ ರೋಗಿಯ ಹೆಸರಿಗೆ ದಾಖಲಾಗಬೇಕು, ಚೆಲ್ಲಿದ ಪ್ರಮಾಣಕ್ಕೆ ಇಬ್ಬರ ಸಹಿ ಬೇಕು, ಖರೀದಿಯ ಲೆಕ್ಕವೂ ಬಳಕೆಯ ಲೆಕ್ಕವೂ ತಾಳೆಯಾಗಬೇಕು ಎಂಬ ಷರತ್ತುಗಳನ್ನು ನೋಂದಣಿಯೊಂದಿಗೆ ಜೋಡಿಸುವ ದಾರಿಯನ್ನು ಆರೋಗ್ಯ ಇಲಾಖೆ ಪರಿಶೀಲಿಸಬಹುದು. ಇದಕ್ಕೆ ತಗಲುವ ವೆಚ್ಚ ಒಂದು ದಾಖಲೆ ಪುಸ್ತಕದ್ದು. ಅದರಿಂದ ಯಾವ ತಾಲ್ಲೂಕು ಆಸ್ಪತ್ರೆಗೂ ಔಷಧದ ಕೊರತೆಯಾಗದು.