ಗೊಂಬೆ ಚಿಕ್ಕದಾದರೂ ಚರಿತ್ರೆ ಚಿಕ್ಕದಲ್ಲ

ಎರಡನೇ ಮಹಾಯುದ್ಧ ಶುರುವಾದಾಗ ಜರ್ಮನಿಯ ಟ್ಯಾಂಕುಗಳು ಯಾವ ಬಣ್ಣದಲ್ಲಿದ್ದವು? ಟ್ಯಾಂಕುಗಳ ಸ್ಕೇಲ್ ಮಾಡೆಲ್ ಮಾಡುವ ಹವ್ಯಾಸಿಗಳಲ್ಲಿ ಬಹುಪಾಲು ಜನ ದಶಕಗಳ ಕಾಲ ಅವಕ್ಕೆ ಬರೀ ಕಡುಬೂದು ಬಣ್ಣ ಬಳಿದರು. ಆ ಕಾಲದ ಕಪ್ಪು ಬಿಳುಪು ಫೋಟೊಗಳಲ್ಲಿ ಕಾಣುತ್ತಿದ್ದುದೂ ಒಂದೇ ಬಣ್ಣ. ಥಾಮಸ್ ಜೆಂಟ್ಸ್, ಹಿಲರಿ ಡಾಯ್ಲ್ ಅವರಂಥ ಸಂಶೋಧಕರು ಜರ್ಮನ್ ಸೇನೆಯ ಮೂಲ ಕಡತಗಳನ್ನು ಕೆದಕಿದಾಗ ಬೇರೆಯೇ ಸಂಗತಿ ಹೊರಬಿತ್ತು. ಮೂರರಲ್ಲಿ ಎರಡು ಪಾಲು ಕಡುಬೂದು, ಒಂದು ಪಾಲು ಕಡುಗಂದು ಬಳಿಯಬೇಕೆಂಬುದು ಆಗಿನ ನಿಯಮವಾಗಿತ್ತು; ಕಂದು ಬಣ್ಣವನ್ನು ಕೈಬಿಟ್ಟದ್ದು 1940ರ ಜುಲೈನಲ್ಲಿ. ಎರಡೂ ಗಾಢ ಬಣ್ಣಗಳಾದ್ದರಿಂದ ಕ್ಯಾಮೆರಾ ಅವುಗಳನ್ನು ಬೇರೆಯಾಗಿ ತೋರಿಸಲಿಲ್ಲ. ಫೋಟೊ ಮುಚ್ಚಿಟ್ಟಿದ್ದನ್ನು ಕಾಗದ ಬಿಚ್ಚಿಟ್ಟಿತು. ದಸರಾ ಗೊಂಬೆಗಳ ಊರಾದ ಮೈಸೂರು ಇದರಿಂದ ಕಲಿಯಬೇಕಾದದ್ದಿದೆ: ಗತಕಾಲವನ್ನು ಪುಟ್ಟದಾಗಿ ಮಾಡಿ ತೋರಿಸುವವರಿಗೂ ದಾಖಲೆ ಬೇಕು, ಆ ದಾಖಲೆಯನ್ನು ಅವರ ಕೈಗೆ ಸಿಗುವಂತೆ ಮಾಡುವುದು ಸಂಸ್ಥೆಗಳ ಹೊಣೆ.

ಸ್ಕೇಲ್ ಮಾಡೆಲ್ ಅನ್ನು ಆಟಿಕೆಯಿಂದ ಬೇರೆ ಮಾಡುವುದು ಅದರ ಅಳತೆ. ಜಪಾನಿನ ತಮಿಯಾ ಕಂಪನಿ ಜನಪ್ರಿಯಗೊಳಿಸಿದ 1:35 ಪ್ರಮಾಣದಲ್ಲಿ, ಸುಮಾರು 3.7 ಮೀಟರ್ ಅಗಲದ ಜರ್ಮನಿಯ ಟೈಗರ್ ಟ್ಯಾಂಕ್ ಹತ್ತೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಅಷ್ಟು ಚಿಕ್ಕದರಲ್ಲೂ ತಿಂಗಳ ಲೆಕ್ಕ ತಪ್ಪುವಂತಿಲ್ಲ. 1943ರ ಫೆಬ್ರುವರಿಯಲ್ಲಿ ಮೂಲ ಬಣ್ಣ ಬೂದಿನಿಂದ ಮಾಸಲು ಹಳದಿಗೆ ಬದಲಾಯಿತು. ಅದೇ ವರ್ಷ, ಅಯಸ್ಕಾಂತದ ಸಿಡಿಗುಂಡುಗಳು ಅಂಟದಂತೆ ಟ್ಯಾಂಕಿನ ಮೈಗೆ ಜಿಮರಿಟ್ ಎಂಬ ಲೇಪ ಬಳಿಯುವುದು ಶುರುವಾಗಿ, 1944ರ ಸೆಪ್ಟೆಂಬರಿನಲ್ಲಿ ನಿಂತಿತು. ಹಾಗಾಗಿ 1945ರಲ್ಲಿ ತಯಾರಾದ ಟ್ಯಾಂಕಿನ ಮಾಡೆಲ್‌ಗೆ ಆ ಲೇಪ ಬಳಿದರೆ ಅದು ತಪ್ಪು. 1943ರ ಏಪ್ರಿಲ್‌ನಲ್ಲಿ ಟ್ಯುನೀಸಿಯಾದಲ್ಲಿ ಬ್ರಿಟಿಷರ ವಶವಾದ ಟೈಗರ್ 131 ಇಂದಿಗೂ ಇಂಗ್ಲೆಂಡಿನ ಬೊವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿದೆ. ಅನುಮಾನ ಬಂದವರು ಹೋಗಿ ನೋಡಬಹುದು, ಅದರ ನಕ್ಷೆ, ಫೋಟೊಗಳನ್ನು ಮೈಸೂರಿನಲ್ಲೇ ಕೂತು ತರಿಸಿಕೊಳ್ಳಬಹುದು.

ಇದೇ ಮೈಸೂರಿನಲ್ಲಿ ಒಬ್ಬರು ನಮ್ಮದೇ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಹೈಫಾದಲ್ಲಿ ನಡೆಸಿದ ಕಾಳಗವನ್ನು ಗೊಂಬೆಗಳಲ್ಲಿ ತೋರಿಸಲು ಹೊರಟರೆನ್ನಿ. ದಾಳಿ ನಡೆದದ್ದು 1918ರ ಸೆಪ್ಟೆಂಬರ್ 23ರಂದು ಎಂಬುದು ಎಲ್ಲರಿಗೂ ಗೊತ್ತು. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ದಳಗಳ ನೆನಪಿಗೆ 1922ರಲ್ಲಿ ನಿಂತವು ಎಂಬುದೂ ಗೊತ್ತು. ಆದರೆ ಸವಾರರು ಏನು ಉಟ್ಟಿದ್ದರು, ಎಲ್ಲಿ ಹೇಗೆ ಕಾದಿದರು? ಮೆರವಣಿಗೆಯ ಝಗಮಗಿಸುವ ಸಮವಸ್ತ್ರ ತೊಡಿಸಿ, ಬಯಲಿನಲ್ಲಿ ಭರ್ಜಿ ಹಿಡಿದು ನಾಗಾಲೋಟದಲ್ಲಿ ಓಡಿಸುವುದು ಸುಲಭ. ರಣರಂಗದಲ್ಲಿ ಅವರು ತೊಟ್ಟದ್ದು ಖಾಕಿ. ಮೈಸೂರು ದಳದ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ, ಅಲ್ಲಿದ್ದ ಶತ್ರುಗಳ ಫಿರಂಗಿಗಳ ಮೇಲೆರಗಿತು. ಉಳಿದವರು ಜೋಧಪುರದ ಸವಾರರು ಮುನ್ನುಗ್ಗಲೆಂದು ಗುಂಡು ಹಾರಿಸಿ ಆಸರೆ ಕೊಟ್ಟರು. ದಣಿದ ಕುದುರೆ, ಕಲ್ಲುಗುಡ್ಡದ ಏರು, ಕೆಳಗಿಳಿದು ಬಂದೂಕು ಹಿಡಿದ ಸವಾರ ಇಲ್ಲದ ಹೈಫಾ ಅರೆಬರೆ ಹೈಫಾ. ಈ ವಿವರಗಳು ಕನ್ನಡದಲ್ಲಿ, ಚಿತ್ರ ಮತ್ತು ಅಳತೆಗಳ ಸಮೇತ, ಒಂದೇ ಕಡೆ ಸುಲಭವಾಗಿ ಸಿಗುವಂತಿಲ್ಲ. ಪರದೇಶದ ಟ್ಯಾಂಕಿನ ಬಣ್ಣದ ಬಗ್ಗೆ ಸಿಗುವಷ್ಟು ಮಾಹಿತಿ ನಮ್ಮ ಊರಿನ ಯೋಧನ ಉಡುಪಿನ ಬಗ್ಗೆ ಸಿಗದಿರುವುದು ನಾಚಿಕೆಗೇಡು.

ವಿವರಕ್ಕೆ ಬೆಲೆ ಕೊಡುವ ಪದ್ಧತಿ ಮೈಸೂರಿಗೆ ಹೊಸದೇನಲ್ಲ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲಿನ 26 ಜಂಬೂಸವಾರಿ ಚಿತ್ರಗಳನ್ನು ಕಲಾವಿದರು ಬರೆದದ್ದು ಮನಸ್ಸಿಗೆ ತೋಚಿದಂತಲ್ಲ, ನಿಜವಾದ ಮೆರವಣಿಗೆಯ ಫೋಟೊಗಳನ್ನು ಎದುರಿಗಿಟ್ಟುಕೊಂಡು. ಆದ್ದರಿಂದಲೇ ಅಂದಿನ ಸೈನಿಕರ ಉಡುಪು, ಆನೆಗಳ ಅಲಂಕಾರ, ವಾದ್ಯ, ವಾಹನಗಳನ್ನು ತಿಳಿಯಲು ಇಂದಿಗೂ ಆ ಗೋಡೆಗಳ ಮುಂದೆ ನಿಲ್ಲಬಹುದು. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಾಗ, ಹೈದರ್ ಮತ್ತು ಟಿಪ್ಪು ಕಾಲದ ಕಬ್ಬಿಣದ ಕೊಳವೆಗಳು ಹೇಗಿದ್ದವೆಂದು ಊಹಿಸುವ ಅಗತ್ಯವೂ ತಪ್ಪಿತು. ವಸ್ತುವೇ ಎದುರಿಗಿದೆ, ಅದರ ಅಳತೆಯ ನಕ್ಷೆ ಶಾಲೆಗಳಿಗೆ ತಲುಪಿದರೆ ಮಕ್ಕಳು ದೀಪಾವಳಿಯ ರಾಕೆಟ್ ಬಿಟ್ಟು ಮೈಸೂರಿನ ರಾಕೆಟ್ಟನ್ನೇ ಮಾಡಿಯಾರು.

ವಿವರದ ಈ ಹಟಕ್ಕೆ ಆಕ್ಷೇಪಗಳಿವೆ. ನಾಜಿ ಸೇನೆಯ ಟ್ಯಾಂಕುಗಳನ್ನು ಇಷ್ಟು ಆಸ್ಥೆಯಿಂದ ಮಾಡುವುದು ಆ ಕ್ರೌರ್ಯವನ್ನು ಅಂದಗೊಳಿಸಿದಂತಲ್ಲವೇ ಎಂಬುದು ಮೊದಲನೆಯದು. ಈ ಆತಂಕ ನ್ಯಾಯವಾದದ್ದು. ಯಂತ್ರದ ಮೋಹದಲ್ಲಿ ಅದು ಯಾರ ಕೈಯಲ್ಲಿತ್ತು ಎಂಬುದನ್ನು ಮರೆಯುವವರಿದ್ದಾರೆ. ಆದರೆ ಈ ಮರೆವಿಗೆ ಮದ್ದು ಹೆಚ್ಚಿನ ಓದೇ. ಟೈಗರ್ ತಯಾರಿಸಿದ ಹೆನ್ಶೆಲ್ ಕಾರ್ಖಾನೆಯಲ್ಲಿ ಬಲವಂತಕ್ಕೆ ದುಡಿದ ಕೂಲಿಗಳಿದ್ದರು. ತಯಾರಾದ ಟೈಗರ್‌ಗಳು ಸುಮಾರು 1,350 ಮಾತ್ರ. ಟ್ಯಾಂಕ್‌ಗಳಿಗೆ ಹೆಸರಾದ ಆ ಸೇನೆ ಕೊನೆಯವರೆಗೂ ಲಕ್ಷಾಂತರ ಕುದುರೆಗಳನ್ನು ನೆಚ್ಚಿಕೊಂಡಿತ್ತು. ಇಷ್ಟು ತಿಳಿದವರಿಗೆ ಅಜೇಯ ಜರ್ಮನ್ ಟ್ಯಾಂಕಿನ ಕಟ್ಟುಕಥೆ ರುಚಿಸುವುದಿಲ್ಲ.

ಗೊಂಬೆ ಕೂರಿಸುವುದು ಹಬ್ಬದ ಸಡಗರ, ಅದಕ್ಕೆ ಪುರಾವೆ ಕೇಳುವುದು ಅತಿಯಾಯಿತು ಎಂಬುದು ಇನ್ನೊಂದು ಆಕ್ಷೇಪ. ಮನೆಯ ಮೆಟ್ಟಿಲ ಮೇಲಿನ ಪಟ್ಟದ ಗೊಂಬೆಗಳಿಗೂ ಅಂಗಡಿ ಶೆಟ್ಟರ ಗೊಂಬೆಗೂ ಯಾರೂ ದಾಖಲೆ ಕೇಳುವುದಿಲ್ಲ. ಅಲ್ಲಿ ಕಲ್ಪನೆಗೆ ಪೂರ್ತಿ ಸ್ವಾತಂತ್ರ್ಯವಿದೆ. ಆದರೆ ಜಂಬೂಸವಾರಿಯ ಸ್ತಬ್ಧಚಿತ್ರಕ್ಕೋ ವಸ್ತುಪ್ರದರ್ಶನದ ಮಾದರಿಗೋ 'ಹೈಫಾ, 1918' ಎಂದು ಫಲಕ ಹಾಕಿದ ಕ್ಷಣ ಅದು ಇತಿಹಾಸದ ಹೇಳಿಕೆಯಾಗುತ್ತದೆ. ಇತಿಹಾಸದ ಪುಸ್ತಕವನ್ನು ತೆರೆಯದವರೂ ಅದನ್ನು ನೋಡಿ ನಂಬುತ್ತಾರೆ. ನೋಡುವವರು ಹೆಚ್ಚಿದಷ್ಟೂ ತಪ್ಪಿನ ಹರವೂ ಹೆಚ್ಚು.

ಇದಕ್ಕೆಲ್ಲ ದುಡ್ಡೆಲ್ಲಿ ಎಂದು ಕೇಳುವವರಿಗೆ ಉತ್ತರ ಸರಳ. ಹೊಸ ಕಟ್ಟಡ ಬೇಕಿಲ್ಲ. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಅರಮನೆ ಮಂಡಳಿ ಇಲ್ಲೇ ಇದೆ. ಚಿತ್ರಕಲೆ ಕಲಿಸುವ ಕಾವಾ, ಇತಿಹಾಸ ಕಲಿಸುವ ವಿಶ್ವವಿದ್ಯಾಲಯವೂ ಇದೇ ಊರಿನಲ್ಲಿವೆ. ಈ ಸಂಸ್ಥೆಗಳು ಸೇರಿ ಒಂದು ರಾಕೆಟ್, ಒಂದು ಸಮವಸ್ತ್ರ, ಒಂದು ಫಿರಂಗಿ ಎಂದು ಆರಿಸಿಕೊಂಡು, ನಾಲ್ಕೂ ಕಡೆಯ ಫೋಟೊ, ಅಳತೆ, ಬಣ್ಣ, ಆಧಾರವನ್ನು ಕನ್ನಡದಲ್ಲಿ ಒಂದೊಂದು ಹಾಳೆಯಾಗಿ ಅಚ್ಚು ಹಾಕಿಸಿ ಹಂಚಲಿ. ಎಲ್ಲಿ ಆಧಾರವಿಲ್ಲವೋ ಅಲ್ಲಿ ಇದು ಊಹೆ ಎಂದು ಬರೆಯಲಿ. ಮುಂದಿನ ದಸರೆಗೆ ಹತ್ತು ಹಾಳೆ ಬಂದರೂ ಸಾಕು, ಕೆಲಸ ಶುರುವಾದಂತೆ. ಮಾಡೆಲ್ ಮಾಡುವವರು, ಗೊಂಬೆ ಮಾಡುವವರು, ಮೇಷ್ಟ್ರುಗಳು ಈ ಬೇಡಿಕೆಯನ್ನು ಈಗಲೇ ಇಲಾಖೆಯ ಮುಂದಿಡಬೇಕು.