ಕೊಳಗ ಯಾರ ಕೈಯಲ್ಲಿದೆ?

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಏತಕ್ಕೆಂಬುದು ಮಲೆನಾಡಿನ ಜನಕ್ಕೆ ಗೊತ್ತಿರುವ ಸಂಗತಿ. ಭೂಮಿಯ ಪ್ರಶ್ನೆಯ ಜೊತೆಗೆ ಅಲ್ಲಿ ಎದ್ದದ್ದು ಒಂದು ಕೊಳಗದ ಪ್ರಶ್ನೆ. ಗೇಣಿ ಭತ್ತ ಅಳೆಯುವ ಕೊಳಗ ಒಡೆಯನದು. ಅದು ರೂಢಿಯ ಅಳತೆಗಿಂತ ದೊಡ್ಡದು. ಅಳೆಯುವವನೂ ಒಡೆಯನ ಕಡೆಯವನೇ. ಆಗ ಗೇಣಿದಾರರು ಕೊಳಗವೇ ಬೇಡ ಎನ್ನಲಿಲ್ಲ. ಅಳತೆ ನ್ಯಾಯವಾಗಿರಲಿ, ನಮ್ಮ ಕಣ್ಣೆದುರಿಗೆ ನಡೆಯಲಿ ಎಂದರು. ಅಷ್ಟು ಕೇಳಿದ್ದಕ್ಕೆ ಅವರನ್ನು ಜೈಲಿಗೆ ತುಂಬಲಾಯಿತು. ಬೆಂಬಲಕ್ಕೆ ಬಂದ ಡಾ. ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಲಾಯಿತು.

ಇಂದು ಯಂತ್ರದ ವಿಷಯದಲ್ಲಿ ನಾವು ಕೇಳುವುದೂ ಅಷ್ಟನ್ನೇ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸಭೆಗಳಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ, ವಾಟ್ಸಾಪು ಫೇಸ್‌ಬುಕ್ಕುಗಳಿಗೆ ಕಡಿವಾಣ ಹಾಕುವ ಕಾನೂನುಗಳ ಬಗ್ಗೆ ನಾವು ಮಾತೆತ್ತಿದರೆ ಕೆಲವು ಮಹನೀಯರು ನಗುತ್ತಾರೆ. "ನಿಮಗೇಕೆ ಸ್ವಾಮಿ ಬೆಂಗಳೂರಿನವರ ಚಿಂತೆ? ಅಡಿಕೆಗೆ ಎಲೆಚುಕ್ಕೆ ರೋಗ ಬಂದಿದೆ, ಅದನ್ನು ಮಾತನಾಡಿ" ಎನ್ನುತ್ತಾರೆ. ಆಗಲಿ, ಅಡಿಕೆಯನ್ನೇ ಮಾತನಾಡೋಣ. ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಈ ವಿಮೆಯಲ್ಲಿ ತೋಟಕ್ಕೆ ಬಂದು ಕೊಳೆ ಹಿಡಿದ ಗೊನೆಯನ್ನು ನೋಡಿ ಪರಿಹಾರ ಕಟ್ಟುವುದಿಲ್ಲ. ಮಳೆಮಾಪಕದ ಅಂಕಿಗಳನ್ನು ಮೊದಲೇ ಬರೆದಿಟ್ಟ ಕೋಷ್ಟಕಕ್ಕೆ ಹಾಕಿ ಲೆಕ್ಕ ತೆಗೆಯುತ್ತಾರೆ. ಮಾಪಕ ಕೆಟ್ಟು ಕೂತ ದಿನ, ಮಳೆಯಲ್ಲಿ ನೆನೆದು ನಿಂತ ರೈತನ ಸಾಕ್ಷಿಗೆ ಬೆಲೆಯೇನು? ಇದೂ ಕೊಳಗವೇ. ಬಿದಿರು ಹೋಗಿ ತಂತಿ ಬಂದಿದೆ, ಅಷ್ಟೆ.

ಇನ್ನು ಕೂಲಿಯ ಮಾತು. ಉದ್ಯೋಗ ಖಾತರಿ ಕೆಲಸದ ಜಾಗಗಳಲ್ಲಿ 2023ರ ಜನವರಿ 1ರಿಂದ ಮೊಬೈಲ್ ಹಾಜರಿಯನ್ನು ಕಡ್ಡಾಯ ಮಾಡಲಾಯಿತು. ದಿನಕ್ಕೆರಡು ಬಾರಿ ಕೂಲಿಗಾರರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಕು. ಆ ಫೋಟೋ ಮೇಲೆ ಹೋಗಬೇಕು. ಮೇಲೆ ಹೋಗಲು ಸಿಗ್ನಲ್ ಬೇಕು. ಕಿಗ್ಗ, ಬೇಗಾರು ಕಡೆಯ ಕಾಡಿನಂಚಿನಲ್ಲಿ ಓಡಾಡಿದವರಿಗೆ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತುವುದೆಂದರೇನೆಂದು ನಾವು ವಿವರಿಸಬೇಕಾಗಿಲ್ಲ. ನಾವೂ ಕೆಲವು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದವರು. ಹುಡುಗ ಎದುರಿಗೆ ಕೂತಿದ್ದರೆ ಬಂದಿದ್ದಾನೆಂದು ಬರೆಯುತ್ತಿದ್ದೆವು. ತಪ್ಪು ಬರೆದರೆ ಮಾರನೆಯ ದಿನ ಅವನ ತಾಯಿ ಬಂದು "ಏನು ಮೇಷ್ಟ್ರೇ ಇದು?" ಎಂದು ಕೇಳುತ್ತಿದ್ದಳು, ನಾವು ತಿದ್ದುತ್ತಿದ್ದೆವು. ಈಗ ಕೂಲಿ ಹೆಂಗಸು ಯಾರನ್ನು ಕೇಳಬೇಕು? ಪಂಚಾಯತಿಯಲ್ಲಿ ಕೇಳಿದರೆ ಆ್ಯಪಿನಲ್ಲಿ ತೋರಿಸುತ್ತಿಲ್ಲ ಎನ್ನುತ್ತಾರೆ. ಆ್ಯಪಿಗೆ ಕಿವಿಯಿಲ್ಲ.

ಹೋಗಲಿ, ಕಳ್ಳ ಬಿಲ್ಲುಗಳಾದರೂ ನಿಂತವೆ? ಫೋಟೋದ ಫೋಟೋ ತೆಗೆದು, ಸಂಬಂಧವಿಲ್ಲದ ಚಿತ್ರ ಹಾಕಿ ಹಾಜರಿ ತೋರಿಸುತ್ತಿದ್ದಾರೆಂದು 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೇ ರಾಜ್ಯಗಳಿಗೆ ಬರೆಯಬೇಕಾಯಿತು. ಕಳ್ಳ ಗುತ್ತಿಗೆದಾರ ಯಂತ್ರಕ್ಕೆ ಮಣ್ಣೆರಚಿದ; ದಿಬ್ಬ ಹತ್ತಿದ್ದು ಬಡವಿ. ಇದರಿಂದ ದೆಹಲಿ ಕಲಿತ ಪಾಠವೇನು? 2025ರ ಡಿಸೆಂಬರಿನಲ್ಲಿ ಉದ್ಯೋಗ ಖಾತರಿ ಕಾಯಿದೆಯ ಬದಲಿಗೆ ಒಪ್ಪಿಸಿಕೊಂಡ ಹೊಸ ಕಾಯಿದೆಯಲ್ಲಿ ಬಯೋಮೆಟ್ರಿಕ್ ಗುರುತಿಗೂ ಕೃತಕ ಬುದ್ಧಿಮತ್ತೆಯ ಬಳಕೆಗೂ ಜಾಗ ಮಾಡಿಕೊಟ್ಟಿತು! ಅಡಿಕೆ ಸುಲಿದು ಸುಲಿದು ಗೆರೆ ಸವೆದ ಬೆರಳು ಬಯೋಮೆಟ್ರಿಕ್ಕಿಗೆ ಹತ್ತದಿದ್ದರೆ ಆಕೆ ದುಡಿಯಲೇ ಇಲ್ಲವೆಂದು ಅರ್ಥವೆ?

ಈ ಕಲಿಯುವ ಯಂತ್ರದಲ್ಲಿ ಮಂತ್ರವೇನೂ ಇಲ್ಲ. ಜನ ಬರೆದದ್ದು, ಆಡಿದ್ದು, ತೆಗೆದ ಚಿತ್ರ ಎಲ್ಲವನ್ನೂ ರಾಶಿ ಹಾಕಿ ಅದಕ್ಕೆ ಉಣಿಸುತ್ತಾರೆ. ಯಾವುದರ ಪಕ್ಕದಲ್ಲಿ ಯಾವುದು ಹೆಚ್ಚು ಸಲ ಬಂದಿದೆ ಎಂಬುದನ್ನು ಲೆಕ್ಕ ಹಾಕಿ ಅದು ಮುಂದಿನದನ್ನು ಊಹಿಸುತ್ತದೆ. ರಾಶಿಯಲ್ಲಿ ಇಂಗ್ಲಿಷು ಬೆಟ್ಟದಷ್ಟು, ಕನ್ನಡ ಬೊಗಸೆಯಷ್ಟು. ಊಹೆ ಯಾರ ಕಡೆ ವಾಲುತ್ತದೆಂದು ಬೇರೆ ಹೇಳಬೇಕೆ? 2021ರ ಜೂನ್‌ನಲ್ಲಿ ಗೂಗಲ್ಲಿನ ಹುಡುಕುಯಂತ್ರ ಎಲ್ಲಿಂದಲೋ ಹೆಕ್ಕಿ ತಂದು, ಭಾರತದ ಅತ್ಯಂತ ಕುರೂಪಿ ಭಾಷೆ ಕನ್ನಡ ಎಂದು ಉತ್ತರ ಕೊಟ್ಟಿತು. ನಾಡು ಕೆರಳಿತು, ಸರ್ಕಾರ ನೋಟೀಸಿನ ಮಾತಾಡಿತು, ಕಂಪನಿ ಕ್ಷಮೆ ಕೇಳಿ ಅದನ್ನು ತೆಗೆಯಿತು. ಒಂದು ನಾಡು ಕೆರಳಿದರೆ ಕಂಪನಿಗೆ ಕೇಳಿಸುತ್ತದೆ. ಜಯಪುರದ ಒಬ್ಬ ಕೂಲಿಗಾರನ ಹೆಸರು ಪಟ್ಟಿಯಿಂದ ಬಿದ್ದುಹೋದರೆ ಯಾರಿಗೆ ಕೇಳಿಸೀತು?

ಈಗ ಜಾಲತಾಣಗಳ ನಿಯಂತ್ರಣದ ವಿಷಯ. ಸುಳ್ಳು ಸುದ್ದಿ ಜೀವ ತೆಗೆಯುತ್ತದೆ ಎಂಬುದನ್ನು ನಾವು ಒಪ್ಪುತ್ತೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಗಾಳಿಸುದ್ದಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರನ್ನು ಹೊಡೆದು ಕೊಂದಿತು. ಆ ವರ್ಷ ದೇಶದಲ್ಲಿ ಅಂಥ ಕೊಲೆಗಳು ಸಾಲುಗಟ್ಟಿದ ಮೇಲೆಯೇ, ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚಿಗೆ ಮುಂದೂಡಲಾಗದಂತೆ ಕಂಪನಿ ತಿರುಪು ಬಿಗಿಮಾಡಿತು. ಅಂದರೆ ತಿರುಪು ಮೊದಲಿನಿಂದಲೂ ಅದರ ಕೈಯಲ್ಲೇ ಇತ್ತು! ಹೆಣ ಬೀಳುವವರೆಗೂ ಅದನ್ನು ತಿರುಗಿಸಲಿಲ್ಲ.

ಹಾಗಾದರೆ ಕಾನೂನು ಹಿಡಿಯಬೇಕಾದದ್ದು ಆ ತಿರುಪನ್ನು. ನಮ್ಮ ಸರ್ಕಾರಗಳು ಹಿಡಿಯಹೊರಟದ್ದು ಜನರ ನಾಲಿಗೆಯನ್ನು. 2025ರ ಜೂನ್‌ನಲ್ಲಿ ಹೊರಬಿದ್ದ ರಾಜ್ಯದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ 7 ವರ್ಷದವರೆಗೆ ಜೈಲು ಎಂದಿತ್ತು. ಸುಳ್ಳು ಯಾವುದೆಂದು ನೋಡುವ ಪ್ರಾಧಿಕಾರಕ್ಕೆ ಮಂತ್ರಿಯೇ ಅಧ್ಯಕ್ಷರು. ಮಂತ್ರಿಗಳ ವಿರುದ್ಧ ಬರೆದದ್ದು ಸುಳ್ಳೋ ನಿಜವೋ ಎಂದು ಮಂತ್ರಿಗಳೇ ಹೇಳುವ ಏರ್ಪಾಡು! ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಕಿತ್ತೊಗೆದ ಮೇಲೂ ಠಾಣೆಗಳಲ್ಲಿ ಅದೇ ಕಲಮಿನ ಕೆಳಗೆ ಕೇಸು ಬರೆಯುತ್ತಿದ್ದರು. ಸತ್ತ ಕಲಮಿನಿಂದಲೇ ಜನರನ್ನು ಕಾಡಿದ ಕೈಗೆ ಹೊಸ ಕಲಮು ಕೊಡುವ ಮುನ್ನ ಯೋಚಿಸಬೇಡವೆ?

ಕೇಂದ್ರದ ಸಹಯೋಗ ಪೋರ್ಟಲ್ ಮೂಲಕ ಅಧಿಕಾರಿಗಳು ಬರಹ ತೆಗೆಸುವುದನ್ನು ಎಕ್ಸ್ ಕಂಪನಿ ಪ್ರಶ್ನಿಸಿತ್ತು. ಆ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಕಂಪನಿ ಗೆಲ್ಲಲಿ ಎಂದು ನಾವು ಹರಕೆ ಹೊತ್ತವರಲ್ಲ. ಆದರೆ ಎರಡು ಕೋಣಗಳ ಕಾಳಗದಲ್ಲಿ ತುಳಿತಕ್ಕೆ ಸಿಕ್ಕುವುದು ಗಿಡ. ಪಂಚಾಯತಿಯ ರಸ್ತೆ ಗುಂಡಿಯ ಚಿತ್ರ ಹಾಕಿದ ಹುಡುಗನಿಗೆ, ಅದನ್ನು ತೆಗೆದದ್ದು ಯಾರು, ಏಕೆ ಎಂದು ಹೇಳುವವರಾದರೂ ಬೇಡವೆ?

ದಾರಿ ಇಲ್ಲವೆನ್ನಬೇಡಿ. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯಿದೆ ಒಂದು ದಾರಿ ತೋರಿಸಿದೆ. ಮಲೆನಾಡಿನಿಂದ ಬೆಂಗಳೂರಿಗೆ ಹೋಗಿ ಬೈಕಿನ ಮೇಲೆ ಊಟ ಹೊರುವ ಹುಡುಗನನ್ನು ಕೆಲಸದಿಂದ ತೆಗೆಯಬೇಕಾದರೆ ಕಾರಣವನ್ನು ಬರೆದು ತಿಳಿಸಬೇಕು, 14 ದಿನದ ಮುನ್ಸೂಚನೆ ಕೊಡಬೇಕು. ಅವನ ದುಡಿಮೆಯನ್ನು ಅಳೆಯುವ ಸ್ವಯಂಚಾಲಿತ ವ್ಯವಸ್ಥೆಯ ವಿಷಯ ಅವನಿಗೆ ತಿಳಿಸಬೇಕು ಎಂದು ಅದರಲ್ಲಿದೆ. ಜಾರಿ ಹೇಗಾಗುತ್ತದೆಂದು ಕಾವಲಿರಬೇಕಾದವರು ನಾವು. ಬೆಂಗಳೂರಿನ ಕಂಪನಿಗೆ ಸಲ್ಲುವ ನ್ಯಾಯ ಕೊಪ್ಪದ ಸರ್ಕಾರಿ ಕಚೇರಿಗೆ ಏಕೆ ಸಲ್ಲಬಾರದು?

ಆದ್ದರಿಂದ ನಮ್ಮ ಒತ್ತಾಯ ಮೂರು. ಒಂದು: ಯಂತ್ರ ಒಲ್ಲೆನೆಂದಿತೆಂಬ ಒಂದೇ ಕಾರಣಕ್ಕೆ ಯಾರ ಕೂಲಿ, ಪಡಿತರ, ವಿಮೆ ಪರಿಹಾರವನ್ನೂ ತಡೆಯಕೂಡದು, ತಡೆದರೆ ಹೊಣೆಯಿರುವ ಅಧಿಕಾರಿ ಕಾರಣವನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಎರಡು: ಮಳೆಮಾಪಕದ ಅಂಕಿ, ಹಾಜರಿಯ ಲೆಕ್ಕ, ಪರಿಹಾರದ ಕೋಷ್ಟಕ ಎಲ್ಲವೂ ಗ್ರಾಮ ಪಂಚಾಯತಿಯ ಫಲಕದ ಮೇಲೆ ಬರಬೇಕು, ತಪ್ಪಿದ್ದರೆ ತಿದ್ದಿಸುವ ಹಕ್ಕು ಗ್ರಾಮಸಭೆಗೆ ಇರಬೇಕು. ಮೂರು: ಜಾಲತಾಣದ ಕಾನೂನು ಕಂಪನಿಯ ತಿರುಪನ್ನು ಕಟ್ಟಲಿ, ಬರಹ ತೆಗೆಸುವುದು ನ್ಯಾಯಾಲಯದ ಆಜ್ಞೆಯಿಂದ, ಬರೆದವನ ಮಾತು ಕೇಳಿದ ಮೇಲೆಯೇ ಆಗಲಿ.

ಯಂತ್ರದ ವೈರಿಗಳೆಂದು ನಮ್ಮನ್ನು ಬೈಯುವವರಿಗೆ ಒಂದೇ ಮಾತು. ಎಲೆಯ ಫೋಟೋ ನೋಡಿ ಎಲೆಚುಕ್ಕೆ ರೋಗವನ್ನು ಮೊದಲೇ ಹೇಳುವ ಯಂತ್ರ ಬರಲಿ, ನಾವೇ ತೋಟತೋಟಕ್ಕೆ ಹೊತ್ತು ತಿರುಗುತ್ತೇವೆ. ಆದರೆ ನಮ್ಮ ಬೆವರನ್ನು ಅಳೆಯುವ ಯಂತ್ರ ನಮ್ಮ ಪ್ರಶ್ನೆಗೆ ಉತ್ತರಿಸಬೇಕು. ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿ. ಮಳೆಯ ಅಂಕಿ ಕೇಳಿ, ಹಾಜರಿಯ ಲೆಕ್ಕ ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಕೊಳಗ ಕಣದ ಮಧ್ಯಕ್ಕೆ ಬರಲಿ. ಎಲ್ಲರ ಕಣ್ಣೆದುರು ಅಳೆಯಲಿ.