ಮುಂಜಾವದಲ್ಲಿ ಬಂದಿಳಿದವರಿಗೊಂದು ಕೋಣೆ

ಬೀದರಿನಿಂದಲೋ ವಿಜಯಪುರದಿಂದಲೋ ಹಿಂದಿನ ಸಂಜೆ ಹೊರಟು, ಇರುಳನ್ನೆಲ್ಲ ಬಸ್ಸಿನ ಆಸನದಲ್ಲಿ ಅರೆನಿದ್ರೆಯಲ್ಲಿ ಕಳೆದು, ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಪ್ರಯಾಣಿಕನಿಗೆ ಈ ಮಹಾನಗರದಿಂದ ಮೊಟ್ಟಮೊದಲು ಬೇಕಾಗತಕ್ಕದ್ದು ಸ್ನಾನಕ್ಕೆ ಬಿಸಿನೀರು, ಬಟ್ಟೆ ಬದಲಿಸಲು ಒಂದು ಮರೆ, ಘಳಿಗೆಯ ಮಟ್ಟಿಗೆ ಬೆನ್ನು ಚಾಚಲು ಒಂದು ಮಂಚ. ಆತನಿಗೆ ಹನ್ನೊಂದಕ್ಕೆ ವಿಧಾನಸೌಧದಲ್ಲಿಯೋ ಉದ್ಯೋಗಸೌಧದಲ್ಲಿಯೋ ಕೆಲಸವಿರುತ್ತದೆ. ಇಲ್ಲವೆ ಮುದಿತಾಯಿಯನ್ನು ವಿಕ್ಟೋರಿಯಾ ಆಸ್ಪತ್ರೆಗೆ ಕರೆದೊಯ್ಯಬೇಕಾಗಿರುತ್ತದೆ. ಕಾರ್ಯ ಮುಗಿದರೆ ಅಂದಿನ ರಾತ್ರಿಯ ಬಸ್ಸಿಗೇ ಊರಿಗೆ ಮರಳುವವನು ಆತ. 2013ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಹೈಕೋರ್ಟಿನ ಪೀಠಗಳು ಶಾಶ್ವತವಾದ ಮೇಲೆ ಕಕ್ಷಿಗಾರರ ಅಲೆದಾಟ ಎಷ್ಟೋ ತಗ್ಗಿತೆಂಬುದು ನಿಜವಾದರೂ, ರಾಜಧಾನಿಯ ಹಂಗು ಉತ್ತರದ ಜಿಲ್ಲೆಗಳಿಗೆ ಪೂರ್ಣವಾಗಿ ತಪ್ಪಿಲ್ಲ. ಅಂಥವರ ದೃಷ್ಟಿಯಿಂದ ನೋಡಿದರೆ, ನಗರಮಧ್ಯದ ವಸತಿಗೃಹವೆಂಬುದು ಕೇವಲ ವ್ಯಾಪಾರದ ಸ್ಥಳವಾಗಿರದೆ ಒಂದು ಸಾರ್ವಜನಿಕ ಸೌಕರ್ಯವೂ ಆಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಭಾವನೆಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಧರ್ಮಾಂಬುಧಿ ಕೆರೆಯ ಪ್ರದೇಶವು ಇನ್ನೂ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಗಿ ಮಾರ್ಪಡದಿದ್ದ ಕಾಲದಲ್ಲಿ, 1903ರಲ್ಲಿ, ರೈಲು ನಿಲ್ದಾಣದ ಸಮೀಪದಲ್ಲಿಯೇ ಗುಬ್ಬಿ ತೋಟದಪ್ಪನವರ ಧರ್ಮಛತ್ರವು ಆರಂಭವಾಯಿತು. ವಾಣಿಜ್ಯದಿಂದ ಗಳಿಸಿದ ದ್ರವ್ಯವನ್ನು ಅವರು ದೂರದ ಯಾವುದೋ ರಮಣೀಯ ಸ್ಥಳದಲ್ಲಿ ವಿನಿಯೋಗಿಸದೆ, ಗಂಟುಮೂಟೆ ಹೊತ್ತ ಯಾತ್ರಿಕನು ನಡೆದೇ ತಲಪಬಹುದಾದ ಎಡೆಯಲ್ಲಿ ವಿನಿಯೋಗಿಸಿದರೆಂಬ ಸಂಗತಿಯಲ್ಲಿ, ಪರಸ್ಥಳದ ಮನುಷ್ಯನ ಕಷ್ಟವನ್ನು ಪ್ರತ್ಯಕ್ಷವಾಗಿ ಕಂಡವರ ವಿವೇಕವಿದೆ.

ಛತ್ರಗಳ ತರುವಾಯ ಬಂದ ಗಾಂಧಿನಗರದ ಲಾಡ್ಜುಗಳು ಹಣಕ್ಕೆ ಕೋಣೆ ಕೊಟ್ಟರೂ, ಅವುಗಳಲ್ಲಿ ಅನೇಕವು ಒಂದು ನ್ಯಾಯವನ್ನು ಪಾಲಿಸಿಕೊಂಡು ಬಂದವು. ಬಂದ ಗಂಟೆಯಿಂದ ಇಪ್ಪತ್ತನಾಲ್ಕು ಗಂಟೆ ತುಂಬುವವರೆಗೆ ಒಂದೇ ದಿನದ ಬಾಡಿಗೆ ಎಂಬುದೇ ಆ ನ್ಯಾಯ. ಈಗ ಅಲ್ಲಲ್ಲಿ ಆ ನ್ಯಾಯವನ್ನು ಸಾರುವ ಫಲಕ ಮರೆಯಾಗಿ, ಮಧ್ಯಾಹ್ನ ಹನ್ನೆರಡರಿಂದ ಮರುದಿನದ ಹನ್ನೆರಡರವರೆಗೆ ಎಂಬ ಲೆಕ್ಕ ನೆಲೆಯೂರುತ್ತಿದೆ. ಇದರ ಫಲವನ್ನು ಈಚೆಗೆ ಅಲ್ಪಕಾಲ ತಂಗಿದ್ದ ಒಂದು ಹೋಟೆಲಿನಲ್ಲಿ ಕಣ್ಣಾರೆ ಕಂಡೆ. ನಸುಕಿನಲ್ಲಿ ಬಂದ ವೃದ್ಧ ದಂಪತಿಗಳಿಗೆ ಹೇಳಲಾದ ಮಾತು ಇಷ್ಟೆ: ಈಗಲೇ ಕೋಣೆ ಬೇಕಾದರೆ ಕಳೆದುಹೋದ ರಾತ್ರಿಯ ಬಾಡಿಗೆಯನ್ನೂ ತೆರಬೇಕು, ಇಲ್ಲವಾದರೆ ಮಧ್ಯಾಹ್ನದ ತನಕ ಕಾಯಬೇಕು. ತಾವು ಮಲಗದ ರಾತ್ರಿಗೆ ಹಣ ತೆರುವುದೆಂದರೇನೆಂಬುದು ಆ ಅಮ್ಮನವರಿಗೆ ಅರ್ಥವಾಗಲಿಲ್ಲ. ನನಗೂ ಅದು ಇಂದಿಗೂ ನ್ಯಾಯವೆಂದು ತೋರಿಲ್ಲ.

ಮಾಲೀಕರ ಪಕ್ಷದಲ್ಲಿ ಹೇಳತಕ್ಕದ್ದೇನೂ ಇಲ್ಲವೆಂದಲ್ಲ. ಕೋಣೆಗಳನ್ನು ಶುಚಿಗೊಳಿಸುವ ಆಳುಗಳ ಸರದಿಗೆ ಒಂದು ನಿಶ್ಚಿತ ವೇಳೆ ಬೇಕು. ಮುಂಗಡವಾಗಿ ಕಾದಿರಿಸುವ ಕಂಪನಿಗಳು ಊರೂರಿಗೂ ಏಕರೂಪದ ಲೆಕ್ಕವನ್ನೇ ಬಯಸುತ್ತವೆ. ಆದರೆ ಬಂದವನ ಹೆಸರು, ಊರು, ಬಂದ ಕಾರಣಗಳ ಜೊತೆಗೆ ಬಂದ ಗಂಟೆಯನ್ನೂ ನೋಂದಣಿ ಪುಸ್ತಕದಲ್ಲಿ ಬರೆಸಿಕೊಳ್ಳುವ ರೂಢಿ ಮೊದಲಿನಿಂದಲೂ ಇದೆಯಷ್ಟೆ! ಆ ಒಂದು ಅಂಕಣದಿಂದಲೇ ಬಾಡಿಗೆಯ ಅವಧಿಯನ್ನು ಎಣಿಸುವುದು ಅಸಾಧ್ಯವಾದ ಗಣಿತವಲ್ಲ. ಅಂದೇ ಮರಳುವವನಿಗೆ ಅರ್ಧದಿನದ ಕೋಣೆಯೇ ಸಾಕಾದರೂ, ಅಲ್ಪಾವಧಿಯ ಕೋಣೆಯೆಂದೊಡನೆ ದುರುಪಯೋಗದ ಶಂಕೆ ತಲೆಯೆತ್ತುವುದೂ ಉಂಟು. ಆದರೆ ರೈಲ್ವೆಯವರು ತಮ್ಮ ವಿಶ್ರಾಂತಿ ಕೊಠಡಿಗಳನ್ನು ಹನ್ನೆರಡು ಗಂಟೆಗಳ ಅವಧಿಗೂ ಕೊಡುತ್ತಿರುವರು. ಗುರುತಿನ ಚೀಟಿಯನ್ನು ನೋಡಿ ಕೋಣೆ ಕೊಡುವಾಗ, ಅವಧಿ ಕಿರಿದಾದ ಮಾತ್ರಕ್ಕೆ ಅತಿಥಿಯ ಶೀಲವೂ ಕಿರಿದೆಂದು ಭಾವಿಸುವುದು ಪ್ರಾಮಾಣಿಕರಾದ ಸಾವಿರಾರು ಜನರಿಗೆ ಮಾಡುವ ಅಪಚಾರ. ಒಂಟಿಯಾಗಿ ಪರೀಕ್ಷೆಗೋ ಸಂದರ್ಶನಕ್ಕೋ ಬರುವ ಹೆಣ್ಣುಮಕ್ಕಳು ಈ ಶಂಕೆಯಿಂದ ಪಡುವ ಪಾಡು ಎಲ್ಲರದಕ್ಕಿಂತ ಹೆಚ್ಚಿನದು.

ತೆರಿಗೆಯ ವಿಷಯವೂ ಇಲ್ಲಿ ಪ್ರಸ್ತುತವಾಗಿದೆ. ದಿನಕ್ಕೆ 1000 ರೂಪಾಯಿ ಮೀರದ ಕೋಣೆಗಳಿಗಿದ್ದ ಜಿಎಸ್‌ಟಿ ವಿನಾಯಿತಿಯನ್ನು 2022ರ ಜುಲೈನಲ್ಲಿ ತೆಗೆದು ಶೇ. 12ರಷ್ಟನ್ನು ವಿಧಿಸಿದಾಗ, ಅದರ ಭಾರ ಬಿದ್ದದ್ದು ಈ ಬಡ ಪ್ರಯಾಣಿಕನ ಮೇಲೆಯೇ. 2025ರ ಸೆಪ್ಟೆಂಬರಿನಲ್ಲಿ ಅದು ಶೇ. 5ಕ್ಕೆ ಇಳಿದಿದೆ. ಇಳಿದ ಹೊರೆಯ ಲಾಭವು ಬಾಡಿಗೆಯಲ್ಲಿಯೂ ಕಾಣಿಸಿಕೊಳ್ಳಬೇಕೆಂದು ಅಪೇಕ್ಷಿಸುವುದು ಅತ್ಯಾಶೆಯಲ್ಲ.

ಆದುದರಿಂದ ನಗರಪಾಲಿಕೆಯಲ್ಲಿ ನನ್ನ ವಿಜ್ಞಾಪನೆ ಇದು: ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳ ಸುತ್ತಣ ವಸತಿಗೃಹಗಳು ಬಂದ ಗಂಟೆಯಿಂದಲೇ ಬಾಡಿಗೆಯನ್ನು ಎಣಿಸತಕ್ಕದ್ದೆಂದೂ, ಅರ್ಧದಿನದ ದರವೊಂದನ್ನು ಇರಿಸಿ ಅದನ್ನು ಬಾಗಿಲಿನಲ್ಲಿಯೇ ಕನ್ನಡದಲ್ಲಿ ಬರೆದು ತೂಗುಹಾಕತಕ್ಕದ್ದೆಂದೂ ಪರವಾನಗಿಯ ನಿಬಂಧನೆಗಳಲ್ಲಿ ಸೇರಿಸಬೇಕು, ಮಾಲೀಕರ ಸಂಘಗಳು ಆ ಅಪ್ಪಣೆಗಾಗಿ ಕಾಯದೆ ತಾವೇ ಮುಂದಾದರೆ ಇನ್ನೂ ಒಳ್ಳೆಯದು.